ದೊರೆ ಕೊಟ್ಟ ಮೂಗು

ಲಕ್ಷ್ಮೀದೇವಮ್ಮನ ತಿಪ್ಪೆಯ ಮೇಲೆ ಆ ನಾಯಿ ಹೋಗಿ ಕೂತದ್ದೇ ಎಲ್ಲಕ್ಕೂ ಮೊದಲಾಯಿತು.

ತಿಪ್ಪೆಯ ಮೇಲೆ ನಾಯಿ ಕೂರುವುದು ಹುಣಸೆಪಾಳ್ಯದವರಿಗೆ ಹೊಸದೇನಲ್ಲ. ಊರ ನಾಯಿಗಳೆಲ್ಲ ಸರದಿಯ ಮೇಲೆ ಅಲ್ಲೇ ಬಿಸಿಲು ಕಾಯಿಸುತ್ತಿದ್ದವು. ಆದರೆ ಇದು ಪಿಳ್ಳಪ್ಪನ ನಾಯಿ. ಮೊದಲು ತಿಪ್ಪೆಯನ್ನು ಮೂರು ಸುತ್ತು ಮೂಸಿತು. ನಾಲ್ಕನೆಯ ಸುತ್ತಿಗೆ ಒಂದು ಕಡೆ ನಿಂತು ಮುಂಗಾಲಿನಿಂದ ಗೊಬ್ಬರ ಕೆದರಿತು. ಆಮೇಲೆ ಅಲ್ಲೇ ಕುಂಡೆಯೂರಿ, ಮೂತಿಯನ್ನು ಆಕಾಶಕ್ಕೆತ್ತಿ ಒಂದು ರಾಗ ತೆಗೆಯಿತು. ಅದು ಬೊಗಳುವುದಲ್ಲ. ಶನಿವಾರ ಭಿಕ್ಷೆಗೆ ಬರುವ ದಾಸಯ್ಯ ಶಂಖ ಊದುತ್ತಾನಲ್ಲ, ಹಾಗೆ. ಬೀದಿಯ ಆ ತುದಿಯಲ್ಲಿದ್ದ ಒಬ್ಬ ಮುದುಕಿ ನಿಜವಾಗಿಯೂ ಮೊರದಲ್ಲಿ ರಾಗಿ ಹಿಡಿದು ಬಾಗಿಲಿಗೆ ಬಂದಳು.

ಬೇರೆ ದಿನವಾಗಿದ್ದರೆ ಲಕ್ಷ್ಮೀದೇವಮ್ಮ ಒಂದು ಕಲ್ಲು ಬೀಸಿ ಸುಮ್ಮನಾಗುತ್ತಿದ್ದಳು. ಆದರೆ ಅವತ್ತು ಮಧ್ಯಾಹ್ನ ಅಮಲ್ದಾರರು ಲೆವಿ ರಾಗಿ ನೋಡಲು ಊರಿಗೆ ಬರುವವರಿದ್ದರು. ಆ ತಿಪ್ಪೆಯ ಅಡಿಯಲ್ಲಿ ಅವಳ ಹಗೇವಿತ್ತು. ಹಗೇವಿನಲ್ಲಿ ಆರು ಪಲ್ಲ ರಾಗಿ ಇತ್ತು.

ಯುದ್ಧದ ಕಾಲ. ಬೆಳೆದ ರಾಗಿಯಲ್ಲಿ ಮನೆ ಖರ್ಚಿಗೆ ಇಷ್ಟು ಎಂದು ಬಿಟ್ಟು ಉಳಿದದ್ದನ್ನು ಸರ್ಕಾರ ಲೆವಿ ಎಂದು ಅಳೆದುಕೊಂಡು ಹೋಗುತ್ತಿತ್ತು. ಮನೆ ಖರ್ಚು ಎಷ್ಟು ಎಂಬುದರಲ್ಲಿ ಸರ್ಕಾರಕ್ಕೂ ಹುಣಸೆಪಾಳ್ಯಕ್ಕೂ ಒಮ್ಮತವಿರಲಿಲ್ಲ. ಅದಕ್ಕೇ ಕಣ್ಣಿಗೆ ಕಾಣುವಷ್ಟನ್ನು ಮನೆಯೊಳಗಿಟ್ಟು ಮಿಕ್ಕಿದ್ದನ್ನು ಹಗೇವಿಗೆ ಇಳಿಸುತ್ತಿದ್ದರು. ನೆಲದೊಳಗೆ ಬಾವಿಯ ಹಾಗೆ ತೋಡಿದ ಗುಂಡಿ. ರಾಗಿ ತುಂಬಿ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಹತ್ತು ವರ್ಷವಾದರೂ ಹುಳ ಬೀಳದು. ಯಾರ ಹಗೇವು ಎಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಪಿಳ್ಳಪ್ಪ ಹಗ್ಗದ ತುಂಡು ಹಿಡಿದು ಏದುಸಿರು ಬಿಡುತ್ತ ಓಡಿಬಂದ.

"ತಪ್ಪಾಯ್ತು ಲಕ್ಷ್ಮೀದೇವಕ್ಕ, ಹಗ್ಗ ಕಡ್ಕೊಂಡ್ ಬಂದ್ಬಿಡ್ತು."

"ಇಷ್ಟು ದೊಡ್ಡ ಊರಲ್ಲಿ ನನ್ನ ತಿಪ್ಪೇನೇ ಬೇಕಾಗಿತ್ತಾ ಇದಕ್ಕೆ? ಯಾರು ಹೇಳ್ಕೊಟ್ರು?"

"ಯಾರು ಹೇಳ್ಕೊಡ್ತಾರಕ್ಕ? ಹೆಗ್ಗಣಗಿಗ್ಗಣ ಇದ್ದಾತು ಒಳಗೆ."

"ಹೆಗ್ಗಣ ಯಾಕಿರ್ತದೆ? ಒಳಗೆ ಏನೈತೆ ಅಂತ ಹೆಗ್ಗಣ ಇರ್ತದೆ? ಏನ್ ಮಾತು ಅಂತ ಆಡ್ತೀಯಪ್ಪ ನೀನು!"

ಪಿಳ್ಳಪ್ಪ ನಾಯಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟ. ಅದು ಅವನ ಹೆಗಲ ಮೇಲಿಂದ ತಿಪ್ಪೆಯನ್ನು ನೋಡುತ್ತ, ತವರು ಬಿಟ್ಟು ಹೋಗುವ ಹೊಸ ಮದುವಣಗಿತ್ತಿಯಂತೆ ಮೂಗೆಳೆಯಿತು. ಲಕ್ಷ್ಮೀದೇವಮ್ಮನಿಗೆ ಅಷ್ಟು ಸಾಕಾಯಿತು. ಸಗಣಿ ಕೈಯನ್ನು ತೊಳೆಯದೆಯೇ ಪಟೇಲ ವೆಂಕಟರಾಯಪ್ಪನ ಮನೆಯ ಕಡೆ ನಡೆದಳು.

ಪಿಳ್ಳಪ್ಪ ಆರು ವರ್ಷ ಬೆಂಗಳೂರಿನ ದಂಡಿನಲ್ಲಿ ಒಬ್ಬ ದೊರೆಯ ಬಂಗಲೆಗೆ ತೋಟದ ಮಾಲಿಯಾಗಿದ್ದವನು. ಎರಡು ತಿಂಗಳ ಹಿಂದೆ ದೊರೆಗೆ ಬರ್ಮಾ ಗಡಿಗೆ ಹೊರಡಲು ಹುಕುಂ ಬಂತು. ಬೆತ್ತದ ಕುರ್ಚಿಗಳು ಬಟ್ಲರನಿಗೆ ಹೋದವು, ಕೋಳಿಗಳು ಅಡಿಗೆಯವನಿಗೆ ಹೋದವು. ಕೊನೆಗೆ ಅಂಗಳದಲ್ಲಿ ಉಳಿದದ್ದು ಪಿಳ್ಳಪ್ಪ ಮತ್ತು ನಾಯಿ. ದೊರೆ ಇಬ್ಬರನ್ನೂ ಒಮ್ಮೆ ನೋಡಿ, ನಾಯಿಯ ಹಗ್ಗವನ್ನು ಪಿಳ್ಳಪ್ಪನ ಕೈಗಿಟ್ಟು, ಕಣ್ಣೊರೆಸಿಕೊಂಡು ಹೋದ. ಆ ಕಣ್ಣೀರು ಯಾರನ್ನು ಬಿಟ್ಟು ಹೋಗುವ ದುಃಖಕ್ಕೆ ಎಂದು ಪಿಳ್ಳಪ್ಪ ಊರಿನ ದಾರಿಯಲ್ಲಿ ಬೂದಿಗೆರೆ ದಾಟುವವರೆಗೂ ಯೋಚಿಸಿದ. ದುಃಖಕ್ಕಲ್ಲದೆ ಬಿಡುಗಡೆಯ ಸಂತೋಷಕ್ಕೂ ಇರಬಹುದು ಎಂದು ಒಂದು ವಾರದಲ್ಲಿ ಹೊಳೆಯಿತು.

ಬೀಗಲ್ ಎಂಬ ಜಾತಿಯಂತೆ. ಮೊಣಕಾಲೆತ್ತರ. ಬೆನ್ನು ಕಪ್ಪು, ತಲೆ ಕಂದು, ಹೊಟ್ಟೆ ಕಾಲು ಬಿಳುಪು. ಕಿವಿಗಳು ಮುತ್ತುಗದೆಲೆಯ ಹಾಗೆ ಜೋತುಬಿದ್ದಿದ್ದವು. ಕಣ್ಣು ನೋಡಿದರೆ ಮೂರು ದಿನದಿಂದ ಅನ್ನ ಕಾಣದ ಸಾಧುವಿನದು. ಆಗಷ್ಟೇ ಎರಡು ಮುದ್ದೆ ನುಂಗಿರುತ್ತಿತ್ತು. ಪಿಳ್ಳಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ಮುದ್ದೆ ಕಟ್ಟಿ ಸಾರು ತರಲು ಬೆನ್ನು ತಿರುಗಿಸಿದರೆ ತಟ್ಟೆ ಬೆಳಗಿಟ್ಟ ಹಾಗಿರುತ್ತಿತ್ತು. ಮೂಗು ನೆಲಕ್ಕೆ ತಾಗಿತೆಂದರೆ ಅದರ ಕಿವಿ ಮುಚ್ಚಿಹೋಗುತ್ತಿತ್ತು. ಕರೆದರೂ ಬಾರದು, ಗದರಿದರೂ ನಿಲ್ಲದು. ಕಳ್ಳ ಬಂದರೆ ಬಾಲ ಅಲ್ಲಾಡಿಸುತ್ತಿತ್ತು, ನೆಂಟ ಬಂದರೂ ಅಲ್ಲಾಡಿಸುತ್ತಿತ್ತು. ಆದರೂ ಸಂಜೆ ಅವನ ಪಾದದ ಮೇಲೆ ಗದ್ದವೂರಿ ಒಂದು ನಿಟ್ಟುಸಿರು ಬಿಡುತ್ತಿತ್ತಲ್ಲ, ಆಗ ಪಿಳ್ಳಪ್ಪನಿಗೆ ಎಲ್ಲ ಮರೆತುಹೋಗುತ್ತಿತ್ತು.

ದೊರೆ ಅದಕ್ಕಿಟ್ಟ ಹೆಸರು ಸಾರ್ಜೆಂಟ್. ಅದೇ ಮುಳುವಾಯಿತು.

ಲಕ್ಷ್ಮೀದೇವಮ್ಮನ ದೂರು ಕೇಳಿದ ಪಟೇಲ ವೆಂಕಟರಾಯಪ್ಪ ಅರಳಿಕಟ್ಟೆಗೆ ಬಂದು ಕೂತ. ಪಕ್ಕದಲ್ಲಿ ಅಪ್ಪಯ್ಯಣ್ಣ. ಊರಲ್ಲಿ ಯಾರು ಸೀನಿದರೂ ಅದರ ಹಿಂದಿನ ಉದ್ದೇಶವೇನೆಂದು ಹುಡುಕುವುದು ಅಪ್ಪಯ್ಯಣ್ಣನ ಕೆಲಸ. ಪಿಳ್ಳಪ್ಪನನ್ನು ಕರೆಸಿದರು.

"ನಾಯಿಗೆ ಕರಿಯ ಅಂತಾರೆ, ಕೆಂಚ ಅಂತಾರೆ," ಎಂದು ಅಪ್ಪಯ್ಯಣ್ಣ ಶುರು ಮಾಡಿದ. "ಉದ್ಯೋಗದ ಹೆಸರು ಯಾರಾದ್ರೂ ಇಡ್ತಾರೇನ್ಲಾ? ಸಾರ್ಜೆಂಟು ಅಂದ್ರೆ ಏನು? ಸರ್ಕಾರಿ ಹುದ್ದೆ ಅಲ್ವಾ?"

"ದೊರೆ ಇಟ್ಟ ಹೆಸರಣ್ಣ. ನಾನೇನ್ ಮಾಡ್ಲಿ?"

"ದೊರೆ ಇಟ್ಟ. ಸರಿ. ದೊರೆ ಯಾರ ಕಡೇವ್ನು? ಸರ್ಕಾರದ ಕಡೇವ್ನು. ಬೊಗಳೋದಿಲ್ಲ, ಕಚ್ಚೋದಿಲ್ಲ, ಕಾಗೆ ಓಡಿಸೋದಿಲ್ಲ. ಬರೀ ಮೂಸ್ತದೆ. ಮೂಸೋದಕ್ಕೇ ಅಂತ ಒಂದು ನಾಯಿ ಯಾಕೆ ಸಾಕ್ತಾರೆ ಹೇಳು?"

"ಮೊಲ ಹಿಡಿಯೋಕೆ ಅಂತ…"

"ಮೊಲ! ಲಕ್ಷ್ಮೀದೇವಮ್ಮನ ತಿಪ್ಪೇಲಿ ಮೊಲ ಐತಾ?"

"ಇಲ್ಲ ಅಣ್ಣ."

"ಮತ್ತೇನೈತೆ?"

ಪಿಳ್ಳಪ್ಪ ಬಾಯಿ ತೆರೆದ. ಏನಿದೆ ಎಂದು ಅವನಿಗೂ ಗೊತ್ತಿತ್ತು. ಗೊತ್ತಿದೆ ಎಂದರೆ ಗೂಢಚಾರ, ಗೊತ್ತಿಲ್ಲ ಎಂದರೆ ಸುಳ್ಳುಗಾರ. ಬಾಯಿ ಮುಚ್ಚಿಕೊಂಡ.

"ನೋಡು, ಯೋಚನೆ ಮಾಡ್ತಾ ಔನೆ," ಎಂದ ಅಪ್ಪಯ್ಯಣ್ಣ ಪಟೇಲನಿಗೆ. "ನಮ್ಮಂಥೋನು ಯೋಚ್ನೆ ಮಾಡ್ತಾನಾ?"

ಪಟೇಲ ಎಲೆಯಡಿಕೆ ಉಗಿದ. ಲೆವಿಯನ್ನು ಸರಿಯಾಗಿ ಅಳೆಸಿಕೊಡಬೇಕಾದವನು ಅವನೇ. ಊರಲ್ಲಿ ಎಲ್ಲರಿಗಿಂತ ದೊಡ್ಡ ಹಗೇವೂ ಅವನದೇ. ಹಾಗಾಗಿ ಅವನ ಮಾತು ಯಾವಾಗಲೂ ಎರಡು ಕಡೆಯೂ ತೂಗುತ್ತಿತ್ತು.

"ನೋಡಪ್ಪಾ ಪಿಳ್ಳಪ್ಪ, ನಾಳೆ ನಿನ್ನ ಕಣಕ್ಕೆ ಮುಯ್ಯಾಳು ಬರಬೇಕಲ್ವಾ?"

"ಹೌದು ಪಟೇಲ್ರೇ."

"ಇವತ್ತು ಅಮಲ್ದಾರ್ರು ಬಂದ್ ಹೋಗೋವರ್ಗೂ ಆ ನಾಯಿ ಮೂಗು ಈಚೆ ಬರಬಾರದು. ಬಂದು, ಯಾರ್ದಾದ್ರೂ ಮನೆ ಮುಂದೆ ಶಂಖ ಊದ್ತೋ, ಒಬ್ಬ ಮುಯ್ಯಾಳೂ ನಿನ್ನ ಕಣ ತುಳಿಯೋದಿಲ್ಲ."

ಕೂಲಿಗೆ ಆಳು ಸಿಕ್ಕದ ಊರು ಅದು. ಎಲ್ಲ ನಡೆಯುವುದು ಮುಯ್ಯಿಯ ಮೇಲೆ. ಇವತ್ತು ನಿನ್ನ ಕಣಕ್ಕೆ ನಾನು, ನಾಳೆ ನನ್ನ ಕಣಕ್ಕೆ ನೀನು. ಹದಿನೈದು ದಿನದಿಂದ ಪಿಳ್ಳಪ್ಪ ಊರವರೆಲ್ಲರ ಕಣದಲ್ಲಿ ರೋಣಗಲ್ಲು ಹೊಡೆದು, ಹುಲ್ಲು ಒದರಿ, ರಾಗಿ ತೂರಿ ಬೆನ್ನು ಬಿಲ್ಲಾಗಿಸಿಕೊಂಡಿದ್ದ. ಕೊನೆಯದು ಅವನದು. ಅವನ ವರ್ಷದ ಅನ್ನವೆಲ್ಲ ಇನ್ನೂ ತೆನೆಯಲ್ಲೇ, ಮೆದೆಯಾಗಿ ಕಣದ ಮೂಲೆಯಲ್ಲಿ ನಿಂತಿತ್ತು. ಒಂದು ಮಳೆ ಬಿದ್ದರೆ ಮೆದೆಯೇ ಮೊಳಕೆ.

ಮನೆಗೆ ಬಂದವನೇ ನಾಯಿಯನ್ನು ಹಟ್ಟಿಯ ಗೂಟಕ್ಕೆ ಎತ್ತಿನ ಕಣ್ಣಿಯಿಂದ ಬಿಗಿದ.

"ಏನಯ್ಯೋ, ಎತ್ತು ಕಟ್ಟೋ ಹಗ್ಗದಲ್ಲಿ ನಾಯಿ ಕಟ್ತೀಯ?" ಎಂದಳು ಮುನಿಲಕ್ಷ್ಮಮ್ಮ.

"ಇದು ರಾಗಿ ಮೂಸೋ ನಾಯಿ ಅಂತೆ ಕಣೆ. ಊರೋರೆಲ್ಲ ಹೆದರ್ಕೊಂಡವ್ರೆ. ನಮಗೇನು, ಹೂತಿಟ್ಟಿರೋದು ಒಂದು ಕಾಳಿಲ್ಲ. ಹೆದರ್ಕೆ ಇರೋರಿಗೆ ಇರ್ಲಿ."

ಮುನಿಲಕ್ಷ್ಮಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, "ನಿಜ್ವಾಗ್ಲೂ ಮೂಸ್ತದಾ?" ಎಂದು ಕೇಳಿ ಮತ್ತೆ ಒಳಗೆ ಹೋದಳು.

ಬಿಸಿಲೇರುವ ಹೊತ್ತಿಗೆ ಹಟ್ಟಿಯ ಹಿಂದೆ ಬಳೆ ಸದ್ದಾಯಿತು. ಲಕ್ಷ್ಮೀದೇವಮ್ಮ ಸೆರಗಿನ ಅಡಿಯಲ್ಲಿ ಏನೋ ಹಿಡಿದುಕೊಂಡು ನಿಂತಿದ್ದಳು.

"ಬೆಳಗ್ಗೆ ಬೈದ್ಬಿಟ್ಟೆ ಪಾಪ. ಮೂಕಜೀವ. ಎರಡು ಒಬ್ಬಟ್ಟು ಐತೆ, ಹಾಕು. ನಮ್ಮನೆ ಋಣ ಇರ್ಲಿ ಅದಕ್ಕೆ."

"ಬ್ಯಾಡಕ್ಕ, ಈಗಷ್ಟೇ ತಿಂದೈತೆ…"

"ಯಾಕೆ ಬ್ಯಾಡ? ಬ್ಯಾರೆ ಯಾರಾದ್ರೂ ಹೆಚ್ಚಿಗೆ ಕೊಟ್ರಾ?"

ಪಿಳ್ಳಪ್ಪ ಕೈ ಅಡ್ಡ ಹಿಡಿಯುವುದರೊಳಗೆ ಒಬ್ಬಟ್ಟು ಹೋಗಿತ್ತು. ಸುತ್ತಿದ್ದ ಬಾಳೆಯೆಲೆಯೂ ಹೋಗಿತ್ತು.

ಅವಳು ಬಂದು ಹೋದದ್ದನ್ನು ಅಪ್ಪಯ್ಯಣ್ಣ ಎದುರಿನವರ ಮನೆಯ ಜಗಲಿಯಿಂದ ನೋಡಿದ. ಲಕ್ಷ್ಮೀದೇವಮ್ಮ ಒಬ್ಬಟ್ಟು ಕೊಟ್ಟಳೆಂದರೆ ನಾಯಿ ಅವಳ ಮನೆ ಬಿಡುತ್ತದೆ. ಅವಳ ಮನೆ ಬಿಟ್ಟರೆ ಪಕ್ಕದ ಮನೆಗೆ ಬರುತ್ತದೆ. ಪಕ್ಕದ ಮನೆ ತನ್ನದೇ. ಲೆಕ್ಕ ನೇರವಾಗಿತ್ತು. ಅರ್ಧ ಗಳಿಗೆಯಲ್ಲಿ ಅವನು ಬೆಣ್ಣೆ ಹಚ್ಚಿದ ಎರಡು ರೊಟ್ಟಿಯೊಂದಿಗೆ ಬಂದ.

"ಸರ್ಕಾರದ ನಾಯಿ ಅಂತ ನಾನು ಕೊಡ್ತಿಲ್ಲ," ಎಂದ. "ನಿನ್ನ ನಾಯಿ ಅಂತ ಕೊಡ್ತಿದೀನಿ."

"ಅಪ್ಪಯ್ಯಣ್ಣ, ಇದು ಸರ್ಕಾರದ್ದಲ್ಲ ಅಂತ ನಮ್ಮಪ್ಪನ ಮೇಲೆ ಆಣೆ ಇಡ್ತೀನಿ."

"ಇಡ್ಬ್ಯಾಡ ಇಡ್ಬ್ಯಾಡ. ಆಣೆ ಇಟ್ರೆ ಅನುಮಾನ ಜಾಸ್ತಿ ಆಗ್ತದೆ."

ಪಟೇಲ ತಾನು ಬರಲಿಲ್ಲ. ಆಳಿನ ಕೈಲಿ ಬಾಡಿನ ಸಾರು, ಎರಡು ದೊಡ್ಡ ಮುದ್ದೆ ಕಳಿಸಿದ. ಅದನ್ನು ನೋಡಿ ಮಿಕ್ಕವರೂ ಬಂದರು. ಒಬ್ಬಳು ಸೋರೆ ಬುರುಡೆಯಲ್ಲಿ ಹಾಲು ತಂದಳು, ಒಬ್ಬಳು ಹುರಿಗಡಲೆ ತಂದಳು. ದೇವರಿಗೂ ಇಷ್ಟು ಎಡೆ ಬೀಳದ ಊರಲ್ಲಿ ಆ ನಾಯಿಯ ಮುಂದೆ ಮಧ್ಯಾಹ್ನದವರೆಗೆ ಸಾಲು ಮುರಿಯಲಿಲ್ಲ. ಮೊದಲ ಬಾರಿಗೆ ಅದು ಮುದ್ದೆಯೊಂದನ್ನು ನೋಡಿ ಮುಖ ತಿರುಗಿಸಿತು. ಹೊಟ್ಟೆ ಕಾಯಿಕಡುಬಿನ ಹಾಗೆ ಉಬ್ಬಿ, ನಿಂತರೂ ಕೂತರೂ ಒಂದೇ ಎತ್ತರ ಕಾಣುತ್ತಿತ್ತು.

ಪಿಳ್ಳಪ್ಪನಿಗೆ ನೆಮ್ಮದಿಯಾಯಿತು. ಇಷ್ಟು ತಿಂದ ಪ್ರಾಣಿ ಮೂಸುವುದಿರಲಿ, ಕಣ್ಣು ಬಿಡುವುದೂ ಕಷ್ಟ. ಕೊನೆಗೆ ಬಂದವರು ಯಾರೋ ಒಂದು ದೊಡ್ಡ ಕೊಬ್ಬರಿ ಗಿಟುಕು ಇಟ್ಟು ಹೋದರು. ನಾಯಿ ಅದನ್ನು ಬಾಯಲ್ಲಿ ಕಚ್ಚಿತು. ತಿನ್ನಲು ಜಾಗವಿಲ್ಲ, ಬಿಡಲು ಮನಸ್ಸಿಲ್ಲ. ಸುಮ್ಮನೆ ಕಚ್ಚಿಕೊಂಡು ಯೋಚಿಸತೊಡಗಿತು.

ಇಷ್ಟರಲ್ಲಿ ಬೀದಿಯಲ್ಲಿ ಜಟಕಾದ ಗಂಟೆ ಕೇಳಿತು. ಅಮಲ್ದಾರರು ಬಂದರು.

ಅವರು ಬಂದದ್ದೇ ಅನುಮಾನವನ್ನು ಮುಖಕ್ಕೆ ಹಚ್ಚಿಕೊಂಡು. ಶಾನುಭೋಗರನ್ನು ಹಿಂದಿಟ್ಟುಕೊಂಡು ಮನೆಮನೆ ಹೊಕ್ಕರು. ಎಲ್ಲ ಮನೆಯಲ್ಲೂ ಎರಡೆರಡು ಮೂಟೆ ರಾಗಿ. ಎಲ್ಲರ ಬಾಯಲ್ಲೂ ಒಂದೇ ಮಾತು.

"ಇಲಿ ತಿಂದ್ಬಿಟ್ವು ಸ್ವಾಮಿ."

"ಎಷ್ಟು?"

"ಐದು ಪಲ್ಲ ಆದಾತು ಸ್ವಾಮಿ."

"ಐದು ಪಲ್ಲ ತಿಂದ ಇಲಿ ಎಲ್ಲಿ? ಅದನ್ನಾದರೂ ತೋರಿಸಿ, ಮೈಸೂರಿನ ಮೃಗಾಲಯಕ್ಕೆ ಕಳಿಸೋಣ!" ಎಂದು ಅಮಲ್ದಾರರು ಗದರಿ, ಬೀದಿಯ ಮಧ್ಯೆ ನಿಂತು ಬೆವರೊರೆಸಿಕೊಂಡರು. ಸುತ್ತ ಊರೆಲ್ಲ ಕೈಕಟ್ಟಿ ನಿಂತಿತ್ತು. ಪಿಳ್ಳಪ್ಪನೂ ಹಿಂದುಗಡೆ ಬಂದು ನಿಂತಿದ್ದ, ತಾನು ಬಾರದಿದ್ದರೆ ಅದಕ್ಕೂ ಒಂದು ಅರ್ಥ ಹಚ್ಚುತ್ತಾರೆಂದು.

ಆಗ ಅವನ ಕಾಲ ಸಂದಿನಿಂದ ನಾಯಿ ಈಚೆ ಬಂತು. ಕೊರಳಲ್ಲಿ ಕಡಿದ ಕಣ್ಣಿ, ಬಾಯಲ್ಲಿ ಕೊಬ್ಬರಿ ಗಿಟುಕು.

ಪಟೇಲ ಪಿಳ್ಳಪ್ಪನ ಕಡೆ ನೋಡಿದ. ಆ ನೋಟದಲ್ಲಿ ನಾಳೆಯ ಮುಯ್ಯಾಳುಗಳೆಲ್ಲ ಒಬ್ಬೊಬ್ಬರಾಗಿ ವಾಪಸು ಹೊರಟರು.

"ಅರೆ! ಬೀಗಲ್ ಅಲ್ಲವೇನ್ರಿ ಇದು?" ಎಂದು ಅಮಲ್ದಾರರು ಬಾಗಿದರು. "ದೊರೆಗಳ ಶಿಕಾರಿಯಲ್ಲಿ ನೋಡಿದ್ದೇನೆ. ಮೂಗಿನಲ್ಲಿ ಇದನ್ನು ಮೀರಿಸಿದ ನಾಯಿ ಇಲ್ಲ. ಯಾರದಯ್ಯಾ?"

"ನಂದೇ ಸ್ವಾಮಿ. ಇದಕ್ಕೆ ಏನೂ ಬರೋದಿಲ್ಲ ಸ್ವಾಮಿ. ಬರೀ ತಿನ್ತದೆ."

"ಏನೂ ಬರೋದಿಲ್ಲ ಅಂತ ಯಾಕೆ ಇಷ್ಟು ಅವಸರದಲ್ಲಿ ಹೇಳ್ತೀಯ?" ಅಮಲ್ದಾರರ ಹುಬ್ಬು ಮೇಲೇರಿತು. "ಬಿಡು ಅದನ್ನ. ಯಾರೂ ಮುಟ್ಟಬೇಡಿ. ಎಲ್ಲಿ ಹೋಗುತ್ತೋ ನೋಡೇಬಿಡೋಣ."

ನಾಯಿ ಹೊರಟಿತು. ಅದರ ಹಿಂದೆ ಅಮಲ್ದಾರರು, ಅವರ ಹಿಂದೆ ಶಾನುಭೋಗರು, ಅವರ ಹಿಂದೆ ಊರು. ಹೆಣದ ಹಿಂದೆ ಹೋಗುವಾಗಲೂ ಹುಣಸೆಪಾಳ್ಯದವರು ಅಷ್ಟು ಮೌನವಾಗಿ ನಡೆದಿರಲಿಲ್ಲ.

ಪಟೇಲನ ಗಾಡಿ ನಿಲ್ಲಿಸುವ ಅಂಗಳದಲ್ಲಿ ನಾಯಿ ನಿಂತಿತು. ಗಾಡಿಯ ಕೆಳಗೆ ಹೋಗಿ ನೆಲವನ್ನು ಉಗುರಿನಿಂದ ಗೀರಿತು. ನೆಲ ಕಲ್ಲಿನಂತೆ ಗಟ್ಟಿಯಿತ್ತು. ಆಕಳಿಸಿ ಈಚೆ ಬಂತು. ಪಟೇಲ ತಲೆಯ ಪೇಟ ತೆಗೆದು ಬೆವರು ಒರೆಸಿಕೊಂಡ. ಅಪ್ಪಯ್ಯಣ್ಣನ ಹುಲ್ಲಿನ ಬಣವೆಯ ಬಳಿ ಒಂದು ಸುತ್ತು ಹಾಕಿತು. ಅಪ್ಪಯ್ಯಣ್ಣ ಕಣ್ಣು ಮುಚ್ಚಿಕೊಂಡ. ತೆರೆದಾಗ ನಾಯಿ ಮುಂದೆ ಹೋಗಿತ್ತು. ಲಕ್ಷ್ಮೀದೇವಮ್ಮನ ತಿಪ್ಪೆ ಬಂತು. ಅವಳು ಬೆಳಗಿನಿಂದ ಅದನ್ನು ತುಳಿದು, ಮೇಲೆ ಜಾಲಿಮುಳ್ಳು ಹೇರಿದ್ದಳು. ನಾಯಿ ಮುಳ್ಳಿಗೆ ಮೂಗು ತಾಗಿಸಿ ಹಿಂದೆ ಸರಿಯಿತು. ಲಕ್ಷ್ಮೀದೇವಮ್ಮ ಪಕ್ಕದಲ್ಲಿದ್ದವಳ ಕೈಯನ್ನು ಹಿಸುಕಿದ್ದಕ್ಕೆ ಅವಳ ಎರಡು ಬಳೆ ಒಡೆದವು.

ಅದಕ್ಕೆ ಬೇಕಾದದ್ದು ರಾಗಿಯೂ ಅಲ್ಲ, ಹೆಗ್ಗಣವೂ ಅಲ್ಲ. ಕೊಬ್ಬರಿಯನ್ನು ನಾಳೆಗೆಂದು ಹೂತಿಡಲು ಒಂದಿಷ್ಟು ಮೆತ್ತನೆಯ ಮಣ್ಣು. ಅದು ಹೊಳೆದದ್ದು ಪಿಳ್ಳಪ್ಪನೊಬ್ಬನಿಗೆ. ಇನ್ನು ಉಳಿದಿರುವುದು ತನ್ನ ಮನೆಯೊಂದೇ ಎಂದು ಕಂಡಾಗ ಅವನಿಗೆ ನಗುವೇ ಬಂತು. ಕತ್ತೆತ್ತಿ ಪಟೇಲನನ್ನು ನೋಡಿದ. ಪಟೇಲನೂ ಮೀಸೆಯಲ್ಲೇ ನಕ್ಕು ತಲೆಯಾಡಿಸಿದ. ಮುಯ್ಯಾಳು ಬಂದ ಹಾಗೆಯೇ.

ನಾಯಿ ಪಿಳ್ಳಪ್ಪನ ಹಿತ್ತಲು ಹೊಕ್ಕು, ಅವರೆ ಚಪ್ಪರದ ಬುಡಕ್ಕೆ ನೇರವಾಗಿ ಹೋಗಿ, ಕೊಬ್ಬರಿ ಕೆಳಗಿಟ್ಟು, ಎರಡೂ ಮುಂಗಾಲಲ್ಲಿ ತೋಡತೊಡಗಿತು. ಮಣ್ಣು ಹಿಟ್ಟಿನ ಹಾಗೆ ಹಾರಿತು.

"ತೋಡ್ಲಿ ಸ್ವಾಮಿ," ಎಂದ ಪಿಳ್ಳಪ್ಪ ಧಾರಾಳವಾಗಿ. "ಪಾತಾಳದವರ್ಗೂ ತೋಡ್ಲಿ. ನಮ್ಮನೇಲಿ ಏನೈತೆ?"

ಠಣ್ ಎಂದಿತು.

ಶಾನುಭೋಗರು ಮಣ್ಣು ಸರಿಸಿದರು. ಗುಡಾಣದ ಮುಚ್ಚಳ. ಮುಚ್ಚಳ ಎತ್ತಿದರೆ, ಕಂಠದವರೆಗೂ ಹಳೆಯ ರಾಗಿ, ಕೆಂಪಗೆ ಮಿರುಗುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಗುಡಾಣ.

ಎಲ್ಲರ ಕಣ್ಣೂ ಪಿಳ್ಳಪ್ಪನ ಮೇಲೆ. ಪಿಳ್ಳಪ್ಪನ ಕಣ್ಣು ಹೆಂಡತಿಯ ಮೇಲೆ.

"ನಾನೇ ಹೂತಿದ್ದು ಸ್ವಾಮಿ," ಎಂದು ಮುನಿಲಕ್ಷ್ಮಮ್ಮ ಮುಂದೆ ಬಂದಳು. "ಹೋದ ವರ್ಷದ್ದು. ಅವನಿಗೆ ಗೊತ್ತಿಲ್ಲ."

"ನಂಗ್ಯಾಕೆ ಹೇಳ್ಲಿಲ್ವೇ?" ಎಂದ ಪಿಳ್ಳಪ್ಪ, ಅಮಲ್ದಾರರಿದ್ದಾರೆಂಬುದನ್ನೂ ಮರೆತು.

"ಆರು ವರ್ಷ ದೊರೆ ಮನೇಲಿದ್ದು ಬಂದೋನು. ಜೊತೇಲಿ ಸಾರ್ಜೆಂಟು ಅಂತ ಒಂದು ನಾಯಿ. ನೀನು ಯಾರ ಕಡೇವ್ನು ಅಂತ ನಂಗಾದ್ರೂ ಹೆಂಗ್ ಗೊತ್ತಾಗ್ಬೇಕು?"

ಅಮಲ್ದಾರರು ನಾಯಿಯ ಕಡೆ ತಿರುಗಿದರು. ಅದು ಯಾರ ಗೊಡವೆಗೂ ಹೋಗದೆ ಕೊಬ್ಬರಿಯನ್ನು ಗುಡಾಣದೊಳಗೇ ಇಟ್ಟು ಮೂತಿಯಿಂದ ರಾಗಿ ಮುಚ್ಚುತ್ತಿತ್ತು.

"ಏನು ಪ್ರಾಮಾಣಿಕತೆ!" ಎಂದರು. "ಹತ್ತೊಂಬತ್ತು ವರ್ಷ ಚಾಕರಿ ಮಾಡಿದ್ದೇನೆ. ತನ್ನ ಯಜಮಾನನ ಮನೆಯನ್ನೇ ಹಿಡಿದುಕೊಟ್ಟ ನೌಕರನನ್ನು ನಾನು ಕಂಡಿಲ್ಲ. ಶಾನುಭೋಗರೇ, ಈ ಊರಿನಲ್ಲಿ ಬೇರೆಲ್ಲೂ ಬಚ್ಚಿಟ್ಟ ರಾಗಿಯಿಲ್ಲ ಅಂತ ಬರಕೊಳ್ಳಿ. ಇದ್ದಿದ್ದರೆ ಇದು ಬಿಡುತ್ತಿರಲಿಲ್ಲ." ಆಮೇಲೆ ಪಿಳ್ಳಪ್ಪನ ಕಡೆ ತಿರುಗಿ, "ಮೊಕದ್ದಮೆ ಹೂಡಬೇಕು. ಆದರೆ ಈ ನಾಯಿಯ ಮುಖ ನೋಡಿ ಬಿಟ್ಟಿದ್ದೇನೆ. ಗುಡಾಣ ಎರಡೂ ಲೆವಿಗೆ. ನಾಳೆ ಬೆಳಗ್ಗೆಯಿಂದ ನಾಯಿಯನ್ನು ಕರೆದುಕೊಂಡು ನಮ್ಮ ಜೊತೆ ಊರೂರಿಗೆ ಬರಬೇಕು. ನಾಯಿಗೆ ದಿನಕ್ಕೆ ಅರ್ಧ ಸೇರು ಹಾಲು ಮಂಜೂರು ಮಾಡ್ತೀನಿ," ಎಂದರು.

"ನಂಗೆ ಸ್ವಾಮಿ?"

"ನಿನಗೇನು? ನೀನು ಹಗ್ಗ ಹಿಡಕೊಂಡು ಬಾ."

ಜಟಕಾ ಊರಾಚೆ ಹೋದದ್ದೇ ಪಿಳ್ಳಪ್ಪನ ಅಂಗಳ ತುಂಬಿತು. ಯಾರ ಮುಖದಲ್ಲೂ ಕೋಪವಿರಲಿಲ್ಲ. ಅಪ್ಪಯ್ಯಣ್ಣ ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದ.

"ನಾಳೆ ಎಲ್ಲಿಗಪ್ಪಾ ಮೊದಲು? ಕುಂದಾಣದ ಕಡೆ ಹೋದ್ರೆ ನನ್ನ ಮಗಳ ಮನೆ ಐತೆ. ಆ ಬೀದಿಗೆ ನಾಯಿ ಬಿಡ್ಬ್ಯಾಡ. ಅದರ ಹಿಂದಿನ ಬೀದೀಲಿ ನನ್ನ ದಾಯಾದಿ ಔನೆ. ಕೊಟ್ಟಿಗೆ ಮೂಲೇಲಿ, ಬಾನಿ ಕೆಳಗೆ. ನಾನು ಹೇಳ್ದೆ ಅನ್ಬ್ಯಾಡ."

ಲಕ್ಷ್ಮೀದೇವಮ್ಮನದು ಇನ್ನೊಂದು ಕಿವಿ. "ನನ್ನ ನಾದಿನಿ ಊರಿಗೆ ಹೋದಾಗ ದೇವರಗೂಡಿನ ಕೆಳಗೆ ಮೂಸ್ಸು. ಮದುವೇಲಿ ನಂಗೆ ಹಳೇ ಸೀರೆ ಉಡಿಸಿದ್ಲು."

ಪಿಳ್ಳಪ್ಪ ಎಲ್ಲಕ್ಕೂ ತಲೆಯಾಡಿಸಿದ. ಎಲ್ಲರ ಮಾತೂ ಮುಗಿದ ಮೇಲೆ, ಪಟೇಲನ ಮುಂದೆ ಹೋಗಿ ಕೈಮುಗಿದ.

"ಪಟೇಲ್ರೇ, ನಿಮ್ಮ ಯಾರ ಮನೆ ಮುಂದೂ ಶಂಖ ಊದ್ಲಿಲ್ಲ. ನನ್ನ ಮನೆನೇ ಹೋಯ್ತು. ನಾಳೆ ಮುಯ್ಯಾಳು ಎಷ್ಟು ಹೊತ್ತಿಗೆ ಬರ್ತಾರೆ?"

ಪಟೇಲ ಆಶ್ಚರ್ಯದಿಂದ ಅವನನ್ನು ನೋಡಿದ. ಆಮೇಲೆ ಮಗುವಿಗೆ ತಿಳಿಹೇಳುವ ಹಾಗೆ ಹೇಳಿದ.

"ಮುಯ್ಯಾಳು ಹೆಂಗಪ್ಪಾ ಬರ್ತಾರೆ? ನಾವು ನಿನ್ನ ಕಣಕ್ಕೆ ಬಂದ್ರೆ ನೀನು ಮುಂದಿನ ವರ್ಷ ನಮ್ಮ ಕಣಕ್ಕೆ ಬರ್ಬೇಕು. ನೀನೀಗ ಸರ್ಕಾರದೋನು. ನಿನ್ನ ಮುಯ್ಯಿ ತೀರ್ಸೋರು ಯಾರು, ಅಮಲ್ದಾರ್ರಾ?"

"ನಾನು ಹದಿನೈದು ದಿನ ಗೆಯ್ದಿದೀನಲ್ಲ ಪಟೇಲ್ರೇ!"

"ಅದು ಆಗ ಪಿಳ್ಳಪ್ಪ. ಆಗ ನಿನ್ನ ಮೇಲೆ ಅನುಮಾನ ಇತ್ತು. ಈಗ ಅನುಮಾನಾನೇ ಇಲ್ವಲ್ಲ."

ಎಲ್ಲರೂ ಹೊರಟುಹೋದರು. ಹೊತ್ತು ಇಳಿಯುತ್ತಿತ್ತು. ಪಿಳ್ಳಪ್ಪ ಜಗಲಿಯ ಮೇಲೆ ಕೂತು ಮೆದೆಯನ್ನು ನೋಡಿದ, ಮೆದೆಯ ಮೇಲಿನ ಮೋಡವನ್ನು ನೋಡಿದ. ನಾಯಿ ಬಂದು ಅವನ ಪಾದದ ಮೇಲೆ ಗದ್ದವೂರಿತು. ಮುನಿಲಕ್ಷ್ಮಮ್ಮ ಬೀದಿಯ ಎರಡೂ ಕಡೆ ನೋಡಿ ಅವನ ಪಕ್ಕಕ್ಕೆ ಬಂದು ಕೂತು ಪಿಸುಗುಟ್ಟಿದಳು:

"ಬೆಳಗಾಗೋ ಹೊತ್ತಿಗೇ ಅದನ್ನ ಕರ್ಕೊಂಡು ಹೊರಟ್ಬಿಡಯ್ಯೋ. ಒಲೆ ಕೆಳಗೆ ಇನ್ನೊಂದೈತೆ."